ಬನ್ನಿ ತಗೊಳ್ಳದ ಮಾಟಗಾತಿ

"ಟೀಚರ್, ಈ ಮಾಟಗಾತಿ ಥೇಟ್ ನಿಮ್ಮಂಗ ಅದಾಳ್ರಿ."

ಐದನೆಯ ತರಗತಿಯ ಕಾವೇರಿ ಹೀಗೆಂದಾಗ ಸುರಭಿಗೆ ನಗು ಬಂತು. ಪುಸ್ತಕ ಇಸಿದುಕೊಂಡು ನೋಡಿದಳು. ನಗು ಅಲ್ಲೇ ನಿಂತಿತು!

ಚಿತ್ರದ ಮಾಟಗಾತಿಗೆ ತನ್ನಂತೆಯೇ ಗದ್ದದ ಎಡಕ್ಕೆ ಮಚ್ಚೆ. ಹಸಿರು ಬಾಗಿಲು, ಮೂರು ಮೆಟ್ಟಿಲು, ನಡುವಿನದು ಒಡೆದದ್ದು. ಮಾಳಮಡ್ಡಿಯ ತನ್ನದೇ ಮನೆ!

ಕಥೆಯಲ್ಲಿ ರಾಜಕುಮಾರ ದಸರೆಯ ದಿನ ಬನ್ನಿ ಎಲೆ ಹಿಡಿದು ಬರುತ್ತಾನೆ. ಮಾಟಗಾತಿ ತಗೊಳ್ಳದೆ ಬಾಗಿಲು ಹಾಕುತ್ತಾಳೆ. ಅಂದಿನಿಂದ ಅವನ ರಾಜ್ಯದಲ್ಲಿ ಯಾರಿಗೂ ಮಾತೇ ಬರುವುದಿಲ್ಲ.

'ಇದು ಗೊತ್ತಿರೋದು ಒಬ್ಬನಿಗೇ...' ಸುರಭಿ ಪುಸ್ತಕದ ಹೊದಿಕೆ ತಿರುಗಿಸಿ ನೋಡಿದಳು.

ಆದರೆ ಬರೆದವರ ಹೆಸರು 'ಬೆಂಗೇರಿ ಕಾಕಾ'. ಬಿಳಿ ಗಡ್ಡದ ಅಜ್ಜ ಇರಬೇಕೆಂದು ಮಕ್ಕಳೆಲ್ಲ ನಂಬಿದ್ದರು. ದಸರಾ ರಜೆ ಮುಗಿದ ಕೂಡಲೇ, ಇವತ್ತು, ಮಕ್ಕಳ ಜೊತೆ ಮಾತಾಡಲು ಅವರನ್ನು ಪ್ರಕಾಶಕರ ಮೂಲಕ ಕರೆಸಿದವಳೂ ಇವಳೇ, ಪಾಪ!

ಬಾಗಿಲಲ್ಲಿ ಹೆಜ್ಜೆಯ ಸಪ್ಪಳವಾಯಿತು. ಗಡ್ಡವೂ ಇಲ್ಲ, ಅಜ್ಜನೂ ಅಲ್ಲ.

ಅಮರೇಶ!

ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯ ಮಗ. ಕಾಲೇಜಿನಲ್ಲಿ ಮೂರು ವರ್ಷ ಅವಳೆದುರೇ ಕೂತು ಓದಿದವನು, ಹನ್ನೆರಡು ವರ್ಷದ ಹಿಂದೆ ಹೇಳದೆ ಕೇಳದೆ ಮಾಯವಾದವನು. ಅವಳನ್ನು ಕಂಡು ಅವನೂ ಹೊಸ್ತಿಲಲ್ಲೇ ನಿಂತುಬಿಟ್ಟ.

ಮಕ್ಕಳು ಅವನನ್ನು ಒಳಗೆ ಕರೆದು ಕೂರಿಸಿದರು. ಎಲ್ಲ ಕಥೆಯಲ್ಲೂ ಮುಚ್ಚಿದ ಬಾಗಿಲು ಯಾಕೆ ಬರುತ್ತದೆಂದು ಕಾವೇರಿ ಕೇಳಿದಳು. ಅವ್ವ ಇಲ್ಲದ ಮನೆಯಲ್ಲಿ, ಹತ್ತಿ ಮೂಟೆಗಳ ನಡುವೆ ಒಬ್ಬನೇ ಕಥೆ ಕಟ್ಟಿಕೊಂಡು ಬೆಳೆದೆ ಎಂದ ಅಮರೇಶ. ಒಮ್ಮೆ ಇದ್ದಬದ್ದ ಧೈರ್ಯವನ್ನೆಲ್ಲ ಕೂಡಿಸಿ, ಒಬ್ಬರಿಗೆ ಬನ್ನಿ ಕೊಟ್ಟು ಮನಸ್ಸಿನ ಮಾತು ಹೇಳಲು ಹೋಗಿದ್ದನಂತೆ. ಅವರು ಬಾಗಿಲು ಹಾಕಿದರಂತೆ. ಆಮೇಲೆ ಎಲ್ಲಿಂದ ಕಥೆ ಶುರು ಮಾಡಿದರೂ ಅದೇ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದ. ಸುರಭಿಯ ಕಡೆ ಮಾತ್ರ ನೋಡಲಿಲ್ಲ.

ಮನಸ್ಸಿನ ಮಾತು! ಹಬ್ಬದ ವಾಡಿಕೆಗೆ ಬಂದವನೆಂದೇ ಇವಳು ಇಷ್ಟು ವರ್ಷ ತಿಳಿದಿದ್ದಳು...

ಊಟದ ಗಂಟೆ ಹೊಡೆಯಿತು, ಮಕ್ಕಳು ಓಡಿದರು. ಅವಳು ಅವನೆದುರು ಬಂದು ನಿಂತಳು.

"ಅವತ್ತು ಮುಂಜಾನೆ ನಮ್ಮ ಆಯಿ, ಅವ್ವನ ಅವ್ವ, ತೀರಿಕೊಂಡಿದ್ಲು, ಅಮರೇಶ."

ಅವನ ಮುಖ ಬಿಳಿಚಿಕೊಂಡಿತು.

"ಊರಿಂದ ಫೋನ್ ಬಂದು ಕಾಲು ತಾಸೂ ಆಗಿರಲಿಲ್ಲ. ಸಾವಾದ ಮನ್ಯಾಗ ಬನ್ನಿ ತಗೋತಾರೇನು? ಬಾಯಿ ಬಿಟ್ರ ಅಳು ಬರತಿತ್ತು, ಅದಕ್ಕ ಬಾಗಲಾ ಹಾಕಿದೆ."

ಅಮರೇಶ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತ. ಹಬ್ಬದ ಗಡಿಬಿಡಿಯಲ್ಲಿ ಅವನಿಗೆ ಸಾವಿನ ವಿಷಯ ತಿಳಿದೇ ಇರಲಿಲ್ಲ. ಅದೇ ವಾರ ಫೋನ್ ನಂಬರೂ ಬದಲಿಸಿದ್ದ, ಪುಣ್ಯಾತ್ಮ! ಇವಳು ತಿಂಗಳುಗಟ್ಟಲೆ ಹಳೆ ನಂಬರಿಗೇ ಫೋನ್ ಹಚ್ಚಿದ್ದಳು. ಬಂದ ಸಂಬಂಧಗಳನ್ನೆಲ್ಲ ಒಂದೊಂದು ನೆಪ ಹೇಳಿ ವಾಪಸು ಕಳಿಸಿದ್ದಳು.

"ಒಂದ ಮಾತು ಕೇಳಿದ್ರ ಸಾಕಿತ್ತು. ಅದನ್ನ ಬಿಟ್ಟು ನನ್ನ ಮಾಟಗಾತಿ ಮಾಡಿ, ನನ್ನ ಮಕ್ಕಳ ಕೈಯಾಗ ಕೊಟ್ಟಿಯಲ್ಲ..."

"ತಪ್ಪಾತು, ಸುರಭಿ. ಆ ಹುಡುಗಿನ್ನ ಮರೀಲಿಕ್ಕೆ ಆಗಲಿಲ್ಲ. ಅದಕ್ಕ ಎಲ್ಲಾ ಕಥಿಯೊಳಗೂ ಆಕಿ ಮನಿ ಮುಂದನ ನಿಂತೇನಿ."

ಅವಳ ಕಣ್ಣು ತುಂಬಿ ಬಂತು. ಮೇಜಿನ ಮೇಲೆ ಮಕ್ಕಳು ಮುಂಜಾನೆ ಕೊಟ್ಟ ಬನ್ನಿ ಎಲೆಗಳಿದ್ದವು. ಒಂದು ಎಲೆ ಎತ್ತಿ ಅವನ ಅಂಗೈಯಲ್ಲಿಟ್ಟಳು. ಅವನು ಎಲೆಯ ಜೊತೆ ಅವಳ ಬೆರಳನ್ನೂ ಹಿಡಿದ, ಬಿಡಲಿಲ್ಲ.

"ಮುಂದಿನ ಪುಸ್ತಕದಾಗ, ಮಾಟಗಾತಿ ಬಾಗಲಾ ತೆರೆದಳು ಅಂತ ಬರೀಲೇನು?"

"ಹಂಗ ಬರೀಬ್ಯಾಡ," ಅಳುತ್ತಲೇ ನಕ್ಕಳು ಸುರಭಿ. "ಆಕಿ ಚಿಲಕಾನ ಹಾಕಿರಲಿಲ್ಲ ಅಂತ ಬರಿ."