ಮುತ್ಯಾಲಮ್ಮನ ಮುಖ

“ಆ ಡಬ್ಬ ಇದ್ದ ಕಡೆನೇ ಇರ್ಲಿ ಕಣಮ್ಮ. ಮುಟ್ಬೇಡ ಅದನ್ನ.”

ಹುಳುಮನೆಯ ಅಟ್ಟಕ್ಕೆ ಕೈ ಚಾಚಿದ್ದ ವರಲಕ್ಷ್ಮಿ ತಿರುಗಿ ನೋಡಿದಳು. ಅತ್ತೆ ಲಕ್ಕಮ್ಮ ಹಿಪ್ಪುನೇರಳೆ ಸೊಪ್ಪಿನ ಮಂಕರಿಯನ್ನು ಸೊಂಟಕ್ಕೆ ಆನಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ರೇಷ್ಮೆಹುಳುಗಳಿಗೆ ಬಿಸಿಲು ಬಡಿಯಬಾರದೆಂದು ಕಿಟಕಿಗೆಲ್ಲ ಒದ್ದೆ ಗೋಣಿತಾಟು ಕಟ್ಟಿದ್ದರಿಂದ ಹಾಡುಹಗಲಲ್ಲೂ ಆ ಕೋಣೆಯೊಳಗೆ ಕತ್ತಲು. ಹಸಿ ಸೊಪ್ಪು, ಹುಳುವಿನ ಹಿಕ್ಕೆ, ನೆನೆದ ಗೋಣಿ ಎಲ್ಲ ಬೆರೆತ ಮುಗ್ಗಲು ವಾಸನೆ. ತಟ್ಟೆಗಳ ತುಂಬ ಹುಳುಗಳು ಸೊಪ್ಪು ತಿನ್ನುವ ಸದ್ದು, ಹೆಂಚಿನ ಮೇಲೆ ಸೋನೆಮಳೆ ಹಿಡಿದ ಹಾಗೆ, ಬಿಡುವಿಲ್ಲದೆ ಕೇಳುತ್ತಿತ್ತು.

“ಯಾಕತ್ತೆ, ಒಳಗೆ ದೆವ್ವ ಮಲಗಿದೆಯಾ?”

“ನಗಬೇಡ.” ಲಕ್ಕಮ್ಮ ಹೊಸಿಲು ದಾಟಲಿಲ್ಲ. “ಅದರಾಗೆ ಒಂದು ಪಟ ಐತೆ. ಪಟದಾಗೆ ಒಬ್ಬಳಿಗೆ ಮುಖ ಇಲ್ಲ. ಇಲ್ದೇನೇ ಇರ್ಲಿ. ಅಷ್ಟೇ ನಾನು ಹೇಳೋದು.”

ಬೇಡ ಎಂದದ್ದನ್ನು ಮೊದಲು ಮಾಡಿ, ಯಾಕೆ ಬೇಡ ಎಂದು ಆಮೇಲೆ ಕೇಳುವುದು ವರಲಕ್ಷ್ಮಿಯ ಜಾಯಮಾನ. ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದು, ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಎಪ್ಪತ್ತೊಂದರ ಬೇಸಿಗೆಯಲ್ಲಿ ತೂಬಗೆರೆಗೆ ಸೊಸೆಯಾಗಿ ಬಂದವಳು. ಮಂಗಳವಾರ ಉಗುರು ತೆಗೀಬೇಡ, ಮುಸ್ಸಂಜೆ ಕಸ ಹೊರಗೆ ಹಾಕಬೇಡ ಎಂಬ ಅತ್ತೆಯ ಬೇಡಗಳನ್ನೆಲ್ಲ ಮುರಿದು ನೋಡಿ, ಏನೂ ಆಗಲಿಲ್ಲವೆಂದು ಗಂಡನ ಮುಂದೆ ಬೀಗಿದವಳು. ಲಕ್ಕಮ್ಮ ಅತ್ತ ಹೋದದ್ದೇ ತಡ, ಡಬ್ಬ ಕೆಳಗಿಳಿಯಿತು.

ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬ. ಮುಚ್ಚಳ ಎತ್ತಿದರೆ ಒಣಗಿದ ಬೇವಿನೆಲೆ, ಸ್ವಲ್ಪ ಬೂದಿ, ಅದರ ಕೆಳಗೆ ಕಪ್ಪುದಾರ ಸುತ್ತಿದ ಒಂದು ಫೋಟೋ. ದಾರ ಮುಟ್ಟಿದ್ದಕ್ಕೇ ಪುಡಿಯಾಗಿ ಉದುರಿತು. ಫೋಟೋದ ಎಡಕ್ಕೆ ಕುರ್ಚಿಯಲ್ಲಿ ಹರೆಯದ ಲಕ್ಕಮ್ಮ. ನಡುವೆ ನಿಂತ ಪುಟ್ಟ ಹುಡುಗ, ವರಲಕ್ಷ್ಮಿಯ ಗಂಡ ವೆಂಕಟರಾಯಪ್ಪನೇ, ಆ ಅಗಲ ಕಿವಿ ನೋಡಿದರೆ ಗೊತ್ತಾಗುತ್ತಿತ್ತು. ಬಲಕ್ಕೆ ಇನ್ನೊಂದು ಕುರ್ಚಿಯಲ್ಲಿ ಇನ್ನೊಬ್ಬ ಹೆಂಗಸು. ಅವಳ ಮುಖವನ್ನು ಯಾರೋ ಮುಳ್ಳಿನಿಂದ ಕೆರೆದು ಕೆರೆದು ಬೆಳ್ಳಗೆ ಮಾಡಿದ್ದರು. ಹುಡುಗ ತಾಯಿಯ ಕಡೆ ವಾಲಿರಲಿಲ್ಲ. ಮುಖವಿಲ್ಲದವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

ವರಲಕ್ಷ್ಮಿಗೆ ಹಳೆಯ ಫೋಟೋಗಳೆಂದರೆ ಹುಚ್ಚು. ಆಷಾಢ ಕಳೆದು ತವರಿನಿಂದ ಮರಳುವಾಗ ತನ್ನ ಆಲ್ಬಮ್ಮನ್ನು ಟ್ರಂಕಿನಲ್ಲಿಟ್ಟು ತಂದಿದ್ದಳು. ಸಂಜೆ ಗಂಡ ಹೊಲದಿಂದ ಬಂದು ಕೈಕಾಲು ತೊಳೆದರೆ ಅದನ್ನು ಬಿಚ್ಚಿ ಕೂರುವಳು. ಇವಳು ಸುಗುಣ, ಇದು ಲಾಲ್‌ಬಾಗಿಗೆ ಹೋದಾಗ ತೆಗೆದದ್ದು, ಇಲ್ಲಿ ನನ್ನ ಲಂಗ ಹರಿದಿತ್ತು ಎಂದು ಕತೆ ಹೇಳಿದಷ್ಟೂ ಮುಗಿಯುತ್ತಿರಲಿಲ್ಲ. ಅವನು ಬಾಯಿ ಬಿಟ್ಟುಕೊಂಡು ಕೇಳುವನು. ಅಂಥವನು ಆ ಸಂಜೆ ಹೆಂಡತಿ ಕೊಟ್ಟ ಫೋಟೋದ ಬೆಳ್ಳಗಿನ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ ಕೂತ.

“ನಮ್ ಚಿಕ್ಕವ್ವ. ಮುತ್ಯಾಲವ್ವ. ಅವ್ವನ ತಂಗಿ. ಗಂಡ ಸತ್ಮೇಲೆ ಇಲ್ಲೇ ಬಂದಿದ್ಲು. ನನ್ನ ಸಾಕಿದ್ದು ಇವಳೇ ಕಣೆ,” ಎಂದ. “ಅವಳ ಸೆರಗಿನ ಹರಳೆಣ್ಣೆ ವಾಸನೆ ಗ್ಯಾಪಕ ಐತೆ. ರಾಯಾ ಅಂತ ಕೂಗ್ತಿದ್ದದ್ದು ಗ್ಯಾಪಕ ಐತೆ. ಮುಖ ಮಾತ್ರ ಬರಾಕಿಲ್ಲ. ಅವ್ವನ್ನ ಕೇಳ್ದೆ, ಊರ ಮುದುಕ್ರನ್ನೆಲ್ಲ ಕೇಳ್ದೆ. ಒಬ್ರಿಗೂ ಗ್ಯಾಪಕ ಇಲ್ಲ. ಕನಸಿಗೆ ಬಂದ್ರೂ ಕತ್ತಿನ ಮೇಲೆ ಏನೂ ಇರಾಕಿಲ್ಲ ವರಲೂ.”

ಅಷ್ಟು ದೊಡ್ಡ ಆಳು ಮಗುವಿನ ಹಾಗೆ ಅತ್ತುಬಿಟ್ಟ. ವರಲಕ್ಷ್ಮಿ ಅವನ ತಲೆಯನ್ನು ಮಡಿಲಿಗೆಳೆದುಕೊಂಡಳು. ಇವನಿಗೆ ಆ ಮುಖವನ್ನು ತಂದುಕೊಡಬೇಕು, ಏನಾದರೂ ಮಾಡಬೇಕು ಎಂದು ಆ ಕ್ಷಣವೇ ಮನಸ್ಸು ಮಾಡಿದಳು. ಪ್ರೀತಿಯಿಂದ ಮಾಡಿದ್ದು ಅದು, ಅದನ್ನು ಹೇಳಲೇಬೇಕು.

ಮಾರನೆಯ ವಾರ ಸಾಮಾನು ತರುವ ನೆವದಲ್ಲಿ ದೊಡ್ಡಬಳ್ಳಾಪುರದ ಬಸ್ಸು ಹತ್ತಿದಳು. ಮಗ್ಗಗಳ ಸದ್ದಿನ ಬೀದಿಯೊಂದರಲ್ಲಿ ಮುನಿರಾಮಯ್ಯನ ಸ್ಟುಡಿಯೋ ಇತ್ತು. ಆ ಸೀಮೆಯ ಬಹಳ ಜನ ಬದುಕಿರುವಾಗ ಫೋಟೋ ತೆಗೆಸುತ್ತಿರಲಿಲ್ಲ. ಸತ್ತ ಮೇಲೆ ಹೆಣವನ್ನು ಕುರ್ಚಿಗೆ ಕಟ್ಟಿ ಕೂರಿಸಿ ಇವನಿಗೆ ಹೇಳಿ ಕಳಿಸುವರು. ಇವನು ಫೋಟೋ ಹಿಡಿದು, ಮುಚ್ಚಿದ ರೆಪ್ಪೆಯ ಮೇಲೆ ಕುಂಚದಿಂದ ಕಣ್ಣು ಬಿಡಿಸಿ ಕೊಡುವನು. ಅದರಲ್ಲಿ ಅವನಿಗೆ ಬಲು ಜಂಬ.

“ಕಣ್ಣು ಬೇಕಾದ್ರೆ ಬರೀತೀನಿ ತಾಯಿ, ಇಲ್ಲಿ ಮುಖಾನೇ ಇಲ್ವಲ್ಲ,” ಎಂದು ಫೋಟೋವನ್ನು ದೀಪಕ್ಕೆ ಹಿಡಿದ. “ಒಂದು ಕೆಲಸ ಮಾಡಿ. ಮನೇ ಹೆಂಗಸರದು ಯಾವುದಾದ್ರೂ ಒಂದು ಮುಖ ಕೊಡಿ. ಕತ್ತರಿಸಿ ಕೂರಿಸಿ, ಅಂಚು ತೀಡಿ, ಮತ್ತೆ ಫೋಟೋ ಹಿಡೀತೀನಿ. ಹಂಗೆ ಮಾಡಿಸ್ಕೊಂಡೋರು ಬೇಕಾದಷ್ಟು ಜನ ಅವ್ರೆ, ಊದುಬತ್ತಿ ಹಚ್ಚಿ ಕೈ ಮುಗೀತಾವ್ರೆ.”

ವರಲಕ್ಷ್ಮಿಗೆ ನಗು ಬಂತು. ಪರ್ಸಿನಲ್ಲಿ ಅವಳದೂ ಅಪ್ಪನದೂ ಒಂದು ಫೋಟೋ ಇತ್ತು. ಪರೀಕ್ಷೆ ಪಾಸಾದ ದಿನ ತೆಗೆಸಿದ್ದು. ಕುರ್ಚಿಯಲ್ಲಿ ಅಪ್ಪ ಪಿಳ್ಳಪ್ಪ, ಪಕ್ಕದಲ್ಲಿ ಎರಡು ಜಡೆಯ ಇವಳು. ಅದನ್ನೇ ಕೊಟ್ಟಳು. ಗಂಡ ನೋಡಿದ ಕೂಡಲೇ ಕಳ್ಳಿ, ಇದು ನೀನೇ ಅಲ್ವಾ ಎಂದು ನಕ್ಕುಬಿಡುತ್ತಾನೆ, ಅಳು ಮರೆಯುತ್ತಾನೆ ಎಂದು ಅವಳ ಲೆಕ್ಕ. ಮುನಿರಾಮಯ್ಯನ ಕತ್ತರಿ ಫೋಟೋದಲ್ಲಿ ಅವಳ ಕತ್ತನ್ನು ಸುತ್ತಿ ಬಂತು. ಅಪ್ಪನ ಪಕ್ಕದಲ್ಲಿ ಒಂದು ತೂತು ಉಳಿಯಿತು.

“ಇವರಿಗೆ ಕುಂಕುಮ ಇರಬಹುದಾ, ತೆಗೀಲಾ?”

“ಅವರು ಗಂಡ ಸತ್ತವರು.”

“ಹಂಗಾದ್ರೆ ತೆಗೀಬೇಕು.” ಬೂದುಬಣ್ಣ ಅದ್ದಿದ ಕುಂಚ ಆ ಪುಟ್ಟ ಹಣೆಯನ್ನು ಒಂದು ಸಲ ಸವರಿತು.

ಊರಿಗೆ ಮರಳುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ಅವಳ ಬೋಳು ಹಣೆಯನ್ನು ನೋಡಿ ಸ್ವಲ್ಪ ಅತ್ತ ಸರಿದು ಕೂತಳು. ಬೆವರಿಗೆ ಕುಂಕುಮ ಅಳಿಸಿಹೋಗಿರಬೇಕು ಎಂದುಕೊಂಡಳು ವರಲಕ್ಷ್ಮಿ.

ಫೋಟೋ ತಯಾರಾಯಿತು. ಕಟ್ಟು ಹಾಕಿಸಿ ತಂದು ನಡುಮನೆಯ ಗೋಡೆಗೆ ತಗುಲಿಸಿ ಗಂಡನನ್ನು ಕೂಗಿದಳು. ಸೆರಗು ಬಾಯಿಗೆ ಒತ್ತಿಕೊಂಡು, ನಗು ತಡೆದುಕೊಂಡು ಕಾದಳು. ವೆಂಕಟರಾಯಪ್ಪ ನೋಡಿದ. ನಗಲಿಲ್ಲ. ಪಟದ ಹತ್ತಿರ ಸರಿದ.

“ಇದೇ. ಇದೇ ಮುಖ. ನಮ್ ಚಿಕ್ಕವ್ವ!”

“ರೀ, ಸರಿಯಾಗಿ ನೋಡ್ರೀ. ಅದು ನಾನು!”

“ತಮಾಷೆ ಬೇಡ ಕಣೆ,” ಎಂದ, ಅವಳ ಕಡೆ ತಿರುಗದೆ. “ನೀನು ಎಲ್ಲಿ, ಅವಳು ಎಲ್ಲಿ.”

ಹಿತ್ತಿಲಿನಿಂದ ಬಂದ ಲಕ್ಕಮ್ಮನ ಕೈಯಿಂದ ಮಂಕರಿ ಬಿತ್ತು. ಅವಳು ಗೋಡೆ ನೋಡಿದಳು. ಸೊಸೆಯನ್ನು ನೋಡಿದಳು. ಮತ್ತೆ ಗೋಡೆ ನೋಡಿದಳು.

“ಅವಳಿಗೆ ಮುಖ ಇರ್ಲಿಲ್ಲ ಕಣೆ ಪಾಪಿ,” ಎಂದಳು ಪಿಸುದನಿಯಲ್ಲಿ. “ಇಷ್ಟು ವರ್ಷ ಹುಡುಕ್ತಾ ಇದ್ಲು. ನೀನೇ ಕೊಟ್ಬಿಟ್ಟೆ.”

ಆ ಮಧ್ಯಾಹ್ನ ವರಲಕ್ಷ್ಮಿ ಬಾಗಿಲು ಹಾಕಿಕೊಂಡು ಆಲ್ಬಮ್ ಬಿಚ್ಚಿದಳು. ಯಾಕೋ ತನ್ನನ್ನು ತಾನು ನೋಡಿಕೊಳ್ಳಬೇಕೆನಿಸಿತ್ತು. ಶಾಲೆಯ ಫೋಟೋದಲ್ಲಿ ತನ್ನ ಹೆಗಲ ಮೇಲೆ ಕೈ ಹಾಕಿದ ಹುಡುಗಿಯ ಹೆಸರು ನಾಲಿಗೆ ತುದಿಗೆ ಬಂದು ನಿಂತಿತು. ಬರಲೇ ಇಲ್ಲ. ಅದರ ಬದಲು ಬೇರೇನೋ ಬಂತು. ಕೆಂಪು ಮಣ್ಣಿನ ಬದು, ಸೊಂಟದ ಮೇಲೆ ಒಂದು ಮಗುವಿನ ಭಾರ, ಅದರ ಜೊಲ್ಲು ತನ್ನ ತೋಳಿನ ಮೇಲೆ ಹರಿದ ಬೆಚ್ಚನೆ ಗುರುತು. ಆ ಮಗುವಿಗೆ ಅಗಲ ಕಿವಿ.

ಅವಳು ಮಗು ಹೆತ್ತವಳಲ್ಲ, ಸಾಕಿದವಳಲ್ಲ. ಹಾಳೆ ತಿರುವಿದಳು. ಲಾಲ್‌ಬಾಗಿನ ಫೋಟೋ. ಅಂದು ಏನಾಯಿತು? ಗೊತ್ತಿಲ್ಲ. ಬಂದದ್ದು ರಾಗಿಮುದ್ದೆ ಮುರಿದು ಹುಡುಗನ ಬಾಯಿಗಿಟ್ಟ ನೆನಪು. ಇನ್ನೊಂದು ಹಾಳೆ, ಇನ್ನೊಂದು ನೆನಪು. ನೋಡಿದ ಪ್ರತಿಯೊಂದು ಫೋಟೋದಿಂದಲೂ ತನ್ನದೊಂದು ಹೋಗುತ್ತಿತ್ತು, ಮುತ್ಯಾಲಮ್ಮನದೊಂದು ಬರುತ್ತಿತ್ತು. ನೋಡಬಾರದೆಂದು ತಿಳಿದರೂ ಕೈ ನಿಲ್ಲಲಿಲ್ಲ. ಗೋಡೆಯಾಚೆ ಹುಳುಗಳು ತಿನ್ನುತ್ತಲೇ ಇದ್ದವು.

ಕೊನೆಯ ಹಾಳೆಗೆ ಬಂದಾಗ ಎಲ್ಲಕ್ಕಿಂತ ಕೆಟ್ಟದ್ದು ಬಂತು. ಇದೇ ಹುಳುಮನೆ, ಇದೇ ಕತ್ತಲು. ಬಾಗಿಲ ಸಂದಿಯಲ್ಲಿ ತಾನು ಮುತ್ಯಾಲಮ್ಮನಾಗಿ ನಿಂತು ಇಣುಕುತ್ತಿದ್ದಾಳೆ. ಒಳಗೆ ಲೋಬಾನದ ಹೊಗೆ. ತೆಲುಗಿನಲ್ಲಿ ಮಂತ್ರ ಗೊಣಗುವ ಒಬ್ಬ ಮುದುಕ. ಅವನ ಎದುರು ಅಕ್ಕ ಲಕ್ಕಮ್ಮ, ಕೈಯಲ್ಲಿ ಜಾಲಿಮುಳ್ಳು, ತೊಡೆಯ ಮೇಲೆ ಫೋಟೋ. “ನನ್ನ ಹೊಟ್ಟೇಲಿ ಹುಟ್ಟಿದೋನು ನಿನ್ನನ್ನ ಅವ್ವ ಅಂತಾನೆ. ಇನ್ನು ಯಾರ ಕಣ್ಣಿಗೂ ನೀನು ಬೀಳಬಾರ್ದು. ಯಾರ ಮನಸ್ನಾಗೂ ಉಳೀಬಾರ್ದು.” ಮುಳ್ಳು ಕೆರೆಯಿತು. ಮರುದಿನದಿಂದ ಮನೆಯಲ್ಲಿ ಯಾರೂ ಅವಳನ್ನು ನೋಡಲಿಲ್ಲ. ತಟ್ಟೆ ಹಾಕಲಿಲ್ಲ. ಕೂಗಿದರೆ ಓಗೊಡಲಿಲ್ಲ. ರಾಯನ ಮುಂದೆ ಹೋಗಿ ಕೂತರೆ ಅವನ ಕಣ್ಣು ಅವಳನ್ನು ದಾಟಿ ಗೋಡೆಗೆ ಹೋಗುತ್ತಿತ್ತು. ಅವಳು ಹುಳುಮನೆಯ ಮೂಲೆಯಲ್ಲಿ ಮಲಗಿದಳು. ಅಲ್ಲೇ ಸತ್ತಳು. ವಾಸನೆ ಬರುವ ತನಕ ಯಾರಿಗೂ ತಿಳಿಯಲಿಲ್ಲ.

ವರಲಕ್ಷ್ಮಿ ಆಲ್ಬಮ್ ಎಸೆದಳು. ಅದು ಬಿಚ್ಚಿಕೊಂಡು ಬಿತ್ತು. ಪ್ರತಿ ಫೋಟೋದಲ್ಲೂ ಅವಳ ಮುಖವಿದ್ದಲ್ಲಿ ಬೆಳ್ಳಗೆ ಕೆರೆದ ಗುರುತು.

ಓಡಿದಳು. ಪಟ ಕೀಳಬೇಕು. ಸುಡಬೇಕು. ಒಲೆಯಲ್ಲಿ ಕೆಂಡವಿತ್ತು. ಗೋಡೆಯಿಂದ ಪಟ ಕಿತ್ತಳು. ಬಳೆಗಳು ಮೊಳೆಗೆ ತಾಗಿದವು. ಒಂದೂ ಉಳಿಯದೆ ಒಡೆದವು. ಮೂಗಿಗೆ ಹರಳೆಣ್ಣೆ ವಾಸನೆ ಬಡಿಯಿತು. ಅದು ಅವಳದೇ ಸೆರಗಿನ ವಾಸನೆ. ಅಡುಗೆಮನೆಯ ಬಾಗಿಲಿಗೆ ಲಕ್ಕಮ್ಮ ಅಡ್ಡ ಬಿದ್ದಿದ್ದಳು. ಕಾಲು ಹಿಡಿದಳು.

“ಬಿಟ್ಬಿಡೆ ಮುತ್ಯಾಲೂ. ತಪ್ಪಾಯ್ತು.”

“ನಾನು ವರಲಕ್ಷ್ಮಿ! ಅತ್ತೆ, ನಾನು ವರಲಕ್ಷ್ಮಿ!” ಎಂದು ಕಿರುಚಿದಳು. ಕಿವಿಗೆ ಕೇಳಿದ್ದು ಬೇರೆ ದನಿ. ಆ ದನಿ ಹೇಳಿದ್ದು ಒಂದೇ ಮಾತು.

“ಅಕ್ಕ.”

ಹಿಂದೆ ಹೆಜ್ಜೆ ಸದ್ದು. ವೆಂಕಟರಾಯಪ್ಪ. ಅವಳು ಅವನ ಕಡೆ ತಿರುಗಿದಳು. ಇವನಿಗಾದರೂ ತಿಳಿಯುತ್ತದೆ. ಇವನು ಗಂಡ. ಇವನಿಗೆ ತಿಳಿಯಲೇಬೇಕು. ಅವನು ಅವಳನ್ನು ನೋಡಿದ. ನಿಂತ. ಅವನ ಮುಖ ಅರಳಿತು. ಮದುವೆಯ ದಿನವೂ ಹಾಗೆ ಅರಳಿರಲಿಲ್ಲ.

“ಚಿಕ್ಕವ್ವಾ!” ಅವನು ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದ. “ಎಲ್ಲಿಗೆ ಹೋಗ್ಬಿಟ್ಟಿದ್ದೆ ಇಷ್ಟು ದಿನ?”

ಅವಳ ಕೈಯಿಂದ ಪಟ ಜಾರಿತು. ಕೈ ತಾನಾಗಿಯೇ ಮೇಲೆದ್ದು ಅವನ ತಲೆ ಸವರಿತು.

ಗೌರಿಹಬ್ಬದ ದಿನ ಬೆಳಿಗ್ಗೆ ಪಿಳ್ಳಪ್ಪ ಮಗಳಿಗೆ ತವರಿನ ಬಾಗಿನ ಹೊತ್ತು ತೂಬಗೆರೆಗೆ ಬಂದ. ಮೊರದಲ್ಲಿ ಅರಿಶಿನ, ಕುಂಕುಮ, ರವಿಕೆಕಣ, ಹಸಿರು ಬಳೆ. ಬಾಗಿಲಲ್ಲಿ ಸೊಪ್ಪು ಹೆಚ್ಚುತ್ತ ಒಬ್ಬ ಹೆಂಗಸು ಕೂತಿದ್ದಳು. ಬೋಳು ಹಣೆ, ಬರಿಗೈ.

“ತಾಯಿ, ನಮ್ಮ ವರಲೂನ ಸ್ವಲ್ಪ ಕರೀರಮ್ಮ. ಅವರಪ್ಪ ಬಂದವ್ರೆ ಅನ್ನಿ.”

ಅವಳು ತಲೆಯೆತ್ತಿದಳು. ಅವಳ ಬಳಿ ಇನ್ನೂ ಒಂದೇ ಒಂದು ಮಾತು ಉಳಿದಿತ್ತು, ಅಪ್ಪ ಎಂಬುದು. ಹಗಲೂ ರಾತ್ರಿ ಅದನ್ನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದಳು. ತುಟಿ ತೆರೆದಳು. ಮುದುಕ ಕಾದ. ಗಂಟಲಿನಿಂದ ಗಾಳಿಯಷ್ಟೇ ಬಂತು.

ವೆಂಕಟರಾಯಪ್ಪ ಹೊರಗೆ ಬಂದ. “ಯಾರು ಬೇಕಿತ್ತು ಯಜಮಾನ್ರೆ? ವರಲಕ್ಷ್ಮಿನಾ? ಆ ಹೆಸರಿನೋರು ಈ ಮನೇಲಿ ಯಾರೂ ಇಲ್ವಲ್ಲ.”

“ಇದ್ಯಾಕಪ್ಪಾ ಹಿಂಗಂತೀಯಾ? ನನ್ನ ಮಗಳು…” ಪಿಳ್ಳಪ್ಪ ಗಾಬರಿಯಾಗಿ ಜೇಬಿನಿಂದ ಒಂದು ಫೋಟೋ ತೆಗೆದ. ಪರೀಕ್ಷೆ ಪಾಸಾದ ದಿನದ್ದು, ಅವನ ಪ್ರತಿ. ತೋರಿಸಲು ಹೋಗಿ ತಾನೇ ನೋಡುತ್ತ ನಿಂತ. ಕುರ್ಚಿಯಲ್ಲಿ ಅವನೊಬ್ಬನೇ ಕೂತಿದ್ದ. ಪಕ್ಕದಲ್ಲಿ ಬೆಳ್ಳಗೆ ಖಾಲಿ ಜಾಗ. ಬಹಳ ಹೊತ್ತು ನೋಡಿದ. ಹುಬ್ಬು ಗಂಟಿಕ್ಕಿತು, ನಿಧಾನಕ್ಕೆ ಸಡಿಲವಾಯಿತು.

“ವಯಸ್ಸಾಯ್ತು ನೋಡಿ,” ಎಂದ ನಾಚಿಕೆಯಿಂದ. “ಇದನ್ನ ಯಾರಿಗೆ ತಂದೆ ಅಂತಾನೇ ಮರ್ತುಹೋಯ್ತು.”

ಮೊರವನ್ನು ಅಲ್ಲಿದ್ದವಳಿಗೇ ಕೊಡೋಣವೆಂದು ಒಂದು ಹೆಜ್ಜೆ ಮುಂದಿಟ್ಟವನು ಅವಳ ಹಣೆ ನೋಡಿ, ಕೈ ನೋಡಿ, ಹಿಂದಕ್ಕೆ ಸರಿದ. “ತಪ್ಪು ತಿಳ್ಕೋಬೇಡಿ ತಾಯಿ,” ಎಂದು ಮೊರ ಎತ್ತಿಕೊಂಡು ಬಂದ ದಾರಿಯಲ್ಲೇ ನಡೆದ.

ಅವನು ಬೀದಿಯ ತಿರುವು ದಾಟುವ ತನಕ ಅವಳು ನೋಡುತ್ತಿದ್ದಳು. ಕಣ್ಣಿನಲ್ಲಿ ನೀರು ತುಂಬಿತು, ಯಾಕೆಂದು ಗೊತ್ತಾಗಲಿಲ್ಲ. ಯಾರ ಮನೆಯ ಅಪ್ಪನೋ, ಪಾಪ, ಎಂದುಕೊಂಡಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹುಳುಗಳಿಗೆ ಸೊಪ್ಪು ಹಾಕಲು ಒಳಗೆ ಹೋದಳು.