ಇಪ್ಪತ್ತೆರಡನೇ ಮನೆ

ಗೋಡೆ ಒಡೆದುಕೊಂಡು ಬಂದ ಸುತ್ತಿಗೆ ಅವಳ ಕಿವಿಯ ಪಕ್ಕದಲ್ಲೇ ಹಾದುಹೋಯಿತು.

ಒಂದು ಗೇಣು ಈಚೆಗೆ ನಿಂತಿದ್ದರೆ ಈ ಕಥೆ ಹೇಳುವ ಕೆಲಸವೇ ನನಗಿರುತ್ತಿರಲಿಲ್ಲ. ಇಟ್ಟಿಗೆಯ ಚೂರೊಂದು ಹಾರಿ ಅವಳ ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿಯಿತು. ಅವಳು ಕಿರುಚಲಿಲ್ಲ. ಅದೇ ಚೂರನ್ನು ಎತ್ತಿಕೊಂಡು ಗೋಡೆಯ ತೂತಿನೊಳಗೆ ಬೀಸಿ ಎಸೆದಳು.

ಒಳಗಿನಿಂದ "ಅಯ್ಯಮ್ಮಾ" ಎಂಬ ಗಂಡು ದನಿ ಕೇಳಿಸಿತು.

ಹೀಗೆ ಶುರುವಾಯಿತು ನೋಡಿ ಇವರ ಪ್ರೀತಿ! ಇಬ್ಬರ ಮುಖದಲ್ಲೂ ರಕ್ತ, ಇಬ್ಬರಿಗೂ ಕಡುಕೋಪ.

ಹಣೆ ಒತ್ತಿ ಹಿಡಿದುಕೊಂಡು, ಮೈತುಂಬ ಧೂಳು ಮೆತ್ತಿಕೊಂಡು ಅವನು ಹೊರಬಂದ. ಗಾರೆ ಕೆಲಸದ ಮೇಸ್ತ್ರಿ. ತನ್ನದೇ ಮನೆಯ ಪಕ್ಕದ ಗೋಡೆ ಒಡೆದು, ಆಚೆಯ ಖಾಲಿ ಜಾಗದ ಕಡೆಗೆ ಕಿಟಕಿ ಇಡಲು ಹೊರಟಿದ್ದ. ಅಲ್ಲೊಬ್ಬಳು ಗೋಡೆಗೆ ಅಂಟಿಕೊಂಡು ನಿಂತಿರುತ್ತಾಳೆ ಎಂದು ಅವನಿಗೇನು ಕನಸು ಬಿದ್ದಿತ್ತೇ?

"ಗೋಡೆಗೆ ಮೂಗಿಟ್ಕೊಂಡು ಏನ್ ಮಾಡ್ತಿದ್ರಿ?" ಎಂದು ರೇಗಿದ.

"ಮಸಿ ನೋಡ್ತಿದ್ದೆ. ಈ ಗೋಡೆ ಯಾವತ್ತೋ ಬೆಂಕೀಲಿ ಬೆಂದಿದೆ," ಎಂದಳು.

ಅವನು ಗೋಡೆಯನ್ನು ನೋಡಿದ, ಆಮೇಲೆ ಅವಳ ಹುಬ್ಬನ್ನು ನೋಡಿದ. ಹೆಗಲ ಮೇಲಿನ ಟವೆಲ್ಲಿನಲ್ಲಿ ಚೊಕ್ಕಟವಾದ ಮೂಲೆಯೊಂದನ್ನು ಹುಡುಕಿ ಅವಳ ಗಾಯಕ್ಕೆ ಒತ್ತಿದ. ಸಿಮೆಂಟು ತಿಂದು ಒರಟಾದ ಕೈ, ಆದರೆ ಒತ್ತಿದ್ದು ಮಾತ್ರ ಹಗುರವಾಗಿ.

'ಇಂಥ ಕೈಗೆ ಇಷ್ಟು ಮೆದು ಎಲ್ಲಿಂದ ಬಂತು...' ಎಂದುಕೊಂಡಳು. ಹಾಗೆ ಅಂದುಕೊಂಡಿದ್ದಕ್ಕೆ ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಅವಳ ಕೆಲಸವೇ ಒಂದು ವಿಚಿತ್ರ. ದಾಖಲೆ ಕೋಣೆಯಲ್ಲಿ ಕೂತು ಹಳೆಯ ಮತದಾರರ ಪಟ್ಟಿಗಳನ್ನು ತಿರುವಿ, ಜನರ ಮುತ್ತಜ್ಜ ಮುತ್ತಜ್ಜಿಯರು ಯಾವ ಬೀದಿಯ ಯಾವ ಮನೆಯಲ್ಲಿ ಬಾಳಿದ್ದರು ಎಂದು ಹುಡುಕಿ ಕೊಡುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು 'ವಿಳಾಸದಕ್ಕ'. ಬಂದವರಿಗೆಲ್ಲ ಅವಳು ಹೇಳುವ ಮೊದಲ ಪಾಠ ಒಂದೇ: ಮನೆ ನಂಬರನ್ನು ನಂಬಬೇಡಿ, ಅಕ್ಕಪಕ್ಕದವರನ್ನು ನಂಬಿ. ಆ ಕಾಲದಲ್ಲಿ ಪಟ್ಟಿ ಬರೆಯುವ ಗುಮಾಸ್ತ ಬೀದಿಯ ತುದಿಯಿಂದ ನಡೆಯುತ್ತಾ, ಜನ ಇರುವ ಮನೆಗಳನ್ನಷ್ಟೇ ಎಣಿಸಿ ನಂಬರ್ ಹಾಕುತ್ತಿದ್ದ. ನಡುವೆ ಒಂದು ಮನೆ ಖಾಲಿಯಾದರೆ ಮುಂದಿನ ಪಟ್ಟಿಯಲ್ಲಿ ಅದರಾಚೆಯ ಮನೆಗಳೆಲ್ಲ ಒಂದೊಂದು ಅಂಕಿ ಹಿಂದೆ ಸರಿಯುತ್ತಿದ್ದವು.

ಊರಿನವರ ಮನೆಗಳನ್ನೆಲ್ಲ ಹುಡುಕಿದವಳಿಗೆ ತನ್ನ ಅಜ್ಜಿಯ ಮನೆ ಮಾತ್ರ ಸಿಕ್ಕಿರಲಿಲ್ಲ.

ಅಜ್ಜಿ ಹಸಿ ಬಾಣಂತಿಯಾಗಿದ್ದಾಗ ಅವರಿದ್ದ ಬೀದಿಗೆ ಒಂದು ಗುಂಪು ನುಗ್ಗಿತ್ತು. ಅಜ್ಜಿಯ ಅಣ್ಣನನ್ನು ಹೊಸ್ತಿಲ ಮೇಲೆಯೇ ದೊಣ್ಣೆಗಳಿಂದ ಬಡಿದು ಕೊಂದರು. ಮನೆಗೆ ಬೆಂಕಿ ಇಟ್ಟರು. ಅಜ್ಜಿ ಕೂಸನ್ನು ಎದೆಗವುಚಿಕೊಂಡು ಓಡಿದಳು. ಇಷ್ಟು ಹೇಳಿ ಬಾಯಿ ಮುಚ್ಚಿದರೆ ಮುಗಿಯಿತು. ಯಾವ ಬೀದಿ, ಯಾವ ಮನೆ, ಯಾರು ಹೊಡೆದರು ಎಂದು ಕೇಳಿದರೆ ಉಹುಂ, ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಊರಿನ ಈ ತುದಿಗೆ ಬಂದು ನೆಲೆಸಿದವಳು ಮತ್ತೆ ಆ ಬೀದಿಗೆ ಕಾಲಿಡಲಿಲ್ಲ. ಅದಕ್ಕೇ ಮೊಮ್ಮಗಳು ಮಸಿ ಹಿಡಿದ ಗೋಡೆ ಕಂಡಲ್ಲೆಲ್ಲ ನಿಲ್ಲುತ್ತಿದ್ದಳು.

ಆ ಕೂಸೇ ಇವಳ ಅಪ್ಪ. ಅಪ್ಪ ತೀರಿಕೊಂಡ ಮೇಲೆ ಮನೆಗೆ ಅಣ್ಣನೇ ದಿಕ್ಕು. ಗುಜರಿ ಅಂಗಡಿ ಇಟ್ಟಿದ್ದ. ತಂಗಿ ಎಂದರೆ ಪ್ರಾಣ, ಆದರೆ ಕೋಪ ಸದಾ ಮೂಗಿನ ತುದಿಯಲ್ಲೇ. ಅಜ್ಜಿಯ ಮನೆಯಲ್ಲಿ ಈಗ ಯಾರು ಉಂಡು ಮಲಗಿದ್ದಾರೆ ಎಂದು ಹುಡುಕಿ ಕೊಟ್ಟರೆ ಸಾಕು, ಮಿಕ್ಕಿದ್ದನ್ನು ತಾನು ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದ. ಆ 'ಮಿಕ್ಕಿದ್ದು' ಏನು ಎಂದು ಅವಳು ಯಾವತ್ತೂ ಕೇಳಲಿಲ್ಲ. ಕೇಳಬೇಕಿತ್ತು.

ಇತ್ತ ಮೇಸ್ತ್ರಿಯ ಮನೆಗೆ ಅವಳ ಓಡಾಟ ಹೆಚ್ಚಿತು. ಮೊದಮೊದಲು ಮಸಿ ನೋಡುವ ನೆಪ, ಆಮೇಲಾಮೇಲೆ ನೆಪವೂ ಬೇಕಾಗಲಿಲ್ಲ. ಹಳೇ ಬೀದಿಗಳಲ್ಲಿ ಅವಳ ಜೊತೆ ಅವನೂ ಸುತ್ತಿದ. ಅವಳು ಪಟ್ಟಿ ಓದುತ್ತಿದ್ದಳು, ಅವನು ಗೋಡೆ ತಟ್ಟಿ ಅದರ ವಯಸ್ಸು ಹೇಳುತ್ತಿದ್ದ. 'ಮೇಡಂ' ಎನ್ನುತ್ತಿದ್ದವನು 'ವಿಳಾಸ' ಎಂದು ಕರೆಯಲು ಶುರುಮಾಡಿದ. ಆ ಹೆಸರು ಅವನ ಬಾಯಲ್ಲಿ ಕೇಳಿದಾಗಲೆಲ್ಲ ಅವಳ ಮನಸ್ಸು ಅರಳುತ್ತಿತ್ತು. ಅವನೆಂದರೆ ಅವಳಿಗೆ ಇಷ್ಟ, ಪಂಚಪ್ರಾಣ. ಮುಚ್ಚುಮರೆ ಏನು ಬಂತು?

ಒಂದು ದಿನ ಅವನು ಸಂಕೋಚದಿಂದಲೇ ಒಂದು ಮಾತು ಕೇಳಿದ. ಈ ಮನೆ ಕಟ್ಟಿದ್ದು ಅವನ ತಾತ. ಹಳೇ ಕಾಲದ ಬಗ್ಗೆ ಅವರು ಒಂದು ಮಾತೂ ಆಡದೆ ಸತ್ತರು. ಅವರ ಹೆಸರು ಎಲ್ಲಾದರೂ ಸಿಕ್ಕರೆ ಒಮ್ಮೆ ತೋರಿಸುತ್ತೀಯಾ ಎಂದ.

ಅವಳು ಹಿಗ್ಗಿಹೋದಳು. ಅವನಿಗೆ ತನ್ನ ಕೈಯಾರೆ ಕೊಡಲು ಒಂದು ಉಡುಗೊರೆ ಸಿಕ್ಕಿತ್ತಲ್ಲ!

ಆದರೆ ಮೊದಲು ಸಿಕ್ಕಿದ್ದು ಅಜ್ಜಿಯ ಮನೆ. ಮೇಸ್ತ್ರಿಯ ಬೀದಿಯ, ಗಲಭೆಗೆ ಮುಂಚಿನ ಪಟ್ಟಿಯಲ್ಲಿ, ಇಪ್ಪತ್ತೆರಡನೇ ಮನೆಯಲ್ಲಿ, ಅಜ್ಜಿಯ ಅಪ್ಪನ ಹೆಸರಿತ್ತು. ಅದರ ಕೆಳಗೆ ಆ ಸತ್ತ ಅಣ್ಣನ ಹೆಸರು, ವಯಸ್ಸು. ಅವಳು ಬೆರಳಿನಿಂದ ಆ ಹೆಸರನ್ನು ಸವರಿ ಅತ್ತಳು. ಕಣ್ಣೀರಿನಲ್ಲೇ ಗಲಭೆಯ ನಂತರದ ಪಟ್ಟಿ ತೆಗೆದಳು.

ಇಪ್ಪತ್ತೆರಡನೇ ಮನೆಯಲ್ಲಿ ಮೇಸ್ತ್ರಿಯ ತಾತನ ಹೆಸರು!

'ತಾತ ಕಟ್ಟಿದ ಮನೆ ಅಂದನಲ್ಲ... ಗೋಡೆ ತುಂಬ ಮಸಿ ಇತ್ತಲ್ಲ... ನಮ್ಮಜ್ಜಿಯ ಅಣ್ಣನನ್ನು ಕೊಂದು, ಸುಟ್ಟ ಮನೆಗೆ ಸುಣ್ಣ ಬಳಿದು ಕೂತವರ ಮೊಮ್ಮಗನಾ ಇವನು? ಅವನ ಕೈಯಿಂದಲಾ ನಾನು ಗಾಯ ಒರೆಸಿಕೊಂಡಿದ್ದು?'

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ಜಗತ್ತಿಗೆಲ್ಲ ಅದೇ ಪಾಠ ಹೇಳುವವಳು ತಾನೇ ಮರೆತಳು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ! ಎರಡೂ ಪುಟಗಳ ಜೆರಾಕ್ಸ್ ಮಾಡಿಸಿಕೊಂಡು ನೇರವಾಗಿ ಗುಜರಿ ಅಂಗಡಿಗೆ ನಡೆದಳು.

ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಕೂಗಾಡಲಿಲ್ಲ. ಕೈಯ ಗ್ರೀಸು ಒರೆಸಿಕೊಂಡು, ಕಬ್ಬಿಣದ ರಾಶಿಯಿಂದ ಒಂದು ಪೈಪು ಎಳೆದ.

"ಅಣ್ಣ, ಬರೀ ಮಾತಾಡು..."

"ಮಾತಾಡೋಕೇ ಹೋಗ್ತಿರೋದು," ಎಂದು ಬೈಕ್ ಹತ್ತಿದ.

ಅವಳು ಅಡ್ಡ ನಿಲ್ಲಲಿಲ್ಲ. ಸುಳ್ಳು ಏಕೆ ಹೇಳಲಿ, ಮೇಸ್ತ್ರಿಗೆ ಒಂದೇಟು ಬೀಳಲಿ ಎಂದು ಆ ಗಳಿಗೆಯಲ್ಲಿ ಅವಳ ಮನಸ್ಸೂ ಬಯಸಿತು. ಅಷ್ಟು ಉರಿಯುತ್ತಿತ್ತು ಒಳಗೆ.

ತುಕ್ಕು ಹಿಡಿದ ಡ್ರಮ್ಮೊಂದರ ಮೇಲೆ ಕೂತು ಆ ಜೆರಾಕ್ಸ್ ಮತ್ತೆ ತೆಗೆದಳು. ಅವನನ್ನು ಚೆನ್ನಾಗಿ ದ್ವೇಷಿಸಬೇಕಿತ್ತು, ಅದಕ್ಕೆ ಆ ಹೆಸರು ಇನ್ನೊಮ್ಮೆ ನೋಡಬೇಕಿತ್ತು. ಕಣ್ಣು ಒಂದು ಸಾಲು ಕೆಳಗೆ ಜಾರಿತು. ಹೊಸ ಪಟ್ಟಿಯ ಇಪ್ಪತ್ತಮೂರರಲ್ಲಿ ಒಂಟಿ ವಿಧವೆಯೊಬ್ಬಳ ಹೆಸರು. ಅದರಾಚೆಯ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು.

ಹಳೇ ಪಟ್ಟಿಯಲ್ಲಿ ಅಜ್ಜಿಯ ಪಕ್ಕಕ್ಕಿದ್ದ ಹೆಸರುಗಳೇ ಬೇರೆ. ಇವರು ಅಜ್ಜಿಯ ನೆರೆಯವರಲ್ಲ!

ಹಳೇ ಪಟ್ಟಿಯಲ್ಲಿ ಕೆಳಕೆಳಗೆ ಹುಡುಕಿದಳು. ಅದೇ ವಿಧವೆ ಮೂವತ್ತೆರಡನೇ ಮನೆಯಲ್ಲಿದ್ದಳು. ಅದೇ ಮೂವರು ಅಣ್ಣತಮ್ಮಂದಿರು ಮೂವತ್ತಮೂರರಲ್ಲಿ. ಅವರಿಗಿಂತ ಮೊದಲು, ಮೂವತ್ತೊಂದರಲ್ಲಿ, ಮೇಸ್ತ್ರಿಯ ತಾತ.

ಆತ ಎಲ್ಲಿಗೂ ಬಂದಿರಲಿಲ್ಲ, ಯಾರ ಮನೆಯನ್ನೂ ಹಿಡಿದಿರಲಿಲ್ಲ. ಇಪ್ಪತ್ತೆರಡರಿಂದ ಮೂವತ್ತರವರೆಗಿನ ಮನೆಗಳು ಸಾಲಾಗಿ ಸುಟ್ಟು ಇಲ್ಲವಾಗಿದ್ದವು. ಬೆಂಕಿ ಆತನ ಗೋಡೆಗೆ ಮಸಿ ಹಚ್ಚಿ ಅಲ್ಲಿಗೇ ನಿಂತಿತ್ತು. ಮುಂದಿನ ಸಲ ಬಂದ ಗುಮಾಸ್ತ ಉಳಿದ ಮನೆಗಳನ್ನು ಎಣಿಸಿಕೊಂಡು ಹೋಗಿದ್ದ, ಮೂವತ್ತೊಂದು ಇಪ್ಪತ್ತೆರಡಾಗಿತ್ತು, ಅಷ್ಟೇ.

'ಅಯ್ಯೋ... ನಾನೇನು ಮಾಡಿದೆ!'

ಅಣ್ಣನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮೇಸ್ತ್ರಿಯೂ ಎತ್ತಲಿಲ್ಲ. ಚಪ್ಪಲಿ ಕಳಚಿ ಬಿದ್ದದ್ದೂ ಗೊತ್ತಾಗದೆ ಓಡಿದಳು.

ಅವಳು ತಲುಪುವ ಹೊತ್ತಿಗೆ ಬೀದಿಯಲ್ಲಿ ಜನ ಸೇರಿದ್ದರು. ಒಬ್ಬರೂ ಒಳಗೆ ಕಾಲಿಟ್ಟಿರಲಿಲ್ಲ. ಒಳಗೆ ಮೇಸ್ತ್ರಿಯ ಬಲಗೈ ಮೊಣಕೈಯಿಂದ ಕೆಳಗೆ ಬೇರೆ ದಿಕ್ಕಿಗೆ ತಿರುಗಿ ಜೋಲಾಡುತ್ತಿತ್ತು. ಅವನೇನು ಬಾಗಿ ನಿಂತು ಏಟು ತಿನ್ನುವ ಜೀವವಲ್ಲ. ಎಡಗೈಯಲ್ಲೇ ಅಣ್ಣನ ಕೊರಳಪಟ್ಟಿ ಹಿಡಿದು, ಅವನ ಮುಖವನ್ನು ಗೋಡೆಗೆ ಬಡಿಯುತ್ತಿದ್ದ. ಅಣ್ಣನ ಬಾಯಿಂದ ರಕ್ತದ ಜೊತೆ ಹಲ್ಲು ಬಿತ್ತು. ಅಣ್ಣ ಮೊಣಕಾಲೆತ್ತಿ ಅವನ ಹೊಟ್ಟೆಗೆ ಗುದ್ದಿದ, ಅವನು ಕುಸಿದ. ಅಣ್ಣ ಎರಡೂ ಕೈಯಲ್ಲಿ ಪೈಪನ್ನು ತಲೆಯ ಮೇಲೆತ್ತಿದ.

ಅವಳು ನಡುವೆ ನುಗ್ಗಿದಳು.

ಪೈಪು ಅವಳ ಹೆಗಲ ಮೇಲೆ ಬಿತ್ತು. ಮೂಳೆ ಲಟಕ್ಕೆಂದದ್ದು ಬಾಗಿಲಲ್ಲಿದ್ದವರಿಗೂ ಕೇಳಿಸಿತು.

"ಅಣ್ಣ... ನಾನು ತಪ್ಪು ಓದಿದೆ," ಎಂದಳು. ಉಸಿರು ಸಿಗುತ್ತಿರಲಿಲ್ಲ. "ಇದು ನಮ್ಮನೆ ಅಲ್ಲ. ನಮ್ಮನೆ ಸುಟ್ಟುಹೋಗಿದೆ. ಪಕ್ಕದ ಖಾಲಿ ಜಾಗ ಇದ್ಯಲ್ಲ... ಅದರ ಆ ತುದಿ. ಇವನ ತಾತ ಏನೂ ಮಾಡಿಲ್ಲ. ಹೊಡೀಬೇಕು ಅಂದ್ರೆ ನನ್ನ ಹೊಡಿ."

ಪೈಪು ಅಣ್ಣನ ಕೈಯಿಂದ ಜಾರಿತು. ತಂಗಿಯ ಹೆಗಲನ್ನು ನೋಡಿದವನೇ ಚಿಕ್ಕ ಮಗುವಿನಂತೆ ಬಾಯಿಬಿಟ್ಟು ಅತ್ತ.

ಅವಳು ಮೇಸ್ತ್ರಿಯ ಕಡೆ ತೆವಳಿದಳು. ಅವನು ಗೋಡೆಗೊರಗಿ ಕೂತಿದ್ದ.

"ಹೊಡಿಯೋಕೆ ಮುಂಚೆ ನಿಮ್ಮಣ್ಣ, 'ನನ್ ತಂಗಿನೇ ಹೇಳಿದ್ಲು' ಅಂದ," ಎಂದ ನಿಧಾನವಾಗಿ. "ಕೈ ಮುರಿದದ್ದಕ್ಕಿಂತ ಅದೇ ಜಾಸ್ತಿ ನೋವಾಯ್ತು. ನನ್ನ ಒಂದು ಮಾತು ಕೇಳಬಹುದಿತ್ತಲ್ಲ, ವಿಳಾಸ."

ಮುಖ ತಿರುಗಿಸಿಕೊಂಡ. ಅವತ್ತು ಆ ಮುಖ ಮತ್ತೆ ಅವಳ ಕಡೆ ತಿರುಗಲಿಲ್ಲ.

ಆಸ್ಪತ್ರೆಯಲ್ಲಿ ಮೂವರಿಗೂ ಬ್ಯಾಂಡೇಜು ಕಟ್ಟಿದರು. ಪೊಲೀಸರು ಬಂದಾಗ ಮೇಸ್ತ್ರಿ ದೂರು ಕೊಡಲಿಲ್ಲ, ಆದರೆ ಅವಳ ಫೋನನ್ನೂ ಎತ್ತಲಿಲ್ಲ. ಅವಳು ಅವನ ಬೀದಿಯಲ್ಲಿ ಹೋಗಿ ನಿಂತರೆ, ನೋಡಿ ಸುಮ್ಮನೆ ಒಳಗೆ ಹೋಗುತ್ತಿದ್ದ. ಬೈದಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ? ತಾನೇ ಕೈಯಾರೆ ಕೆಡವಿದ್ದನ್ನು ನೆನೆದು ದಿಂಬಿಗೆ ಮುಖ ಒತ್ತಿ ಅತ್ತಳು. ಅಣ್ಣ ಮನೆಯಲ್ಲಿ ಯಾರಿಗೂ ಮುಖ ತೋರಿಸಲಾರದಂತಾದ.

ಎಲ್ಲ ಕೇಳಿಸಿಕೊಂಡೂ ಸುಮ್ಮನಿದ್ದ ಅಜ್ಜಿ ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟಿ ನಿಂತಳು. "ನಡೀರಿ ಇಬ್ರೂ. ಆ ಬೀದಿಗೆ," ಎಂದಳು.

ಖಾಲಿ ಜಾಗದ ತುದಿಯಲ್ಲಿ ಅಜ್ಜಿಯ ಕಾಲು ತಾನಾಗಿ ನಿಂತಿತು. ಅಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣನ್ನು ಅಂಗೈಯಿಂದ ಸವರಿದಳು. ತನ್ನ ಅಣ್ಣ ಬಿದ್ದ ಜಾಗ ಎಂದು ಅಜ್ಜಿ ಹೇಳಬೇಕಾಗಿರಲಿಲ್ಲ. ಆಮೇಲೆ ಎದ್ದು, ಇಲ್ಲಿ ಕದ ತಟ್ಟಿದೆ, ಇದೂ ಉರಿಯುತ್ತಿತ್ತು, ಇಲ್ಲೂ ತಟ್ಟಿದೆ ಎಂದು ಗೊಣಗುತ್ತಾ, ಇಲ್ಲದ ಬಾಗಿಲುಗಳ ಮುಂದೆ ಹೆಜ್ಜೆ ಹಾಕಿದಳು. ಜಾಗ ಮುಗಿದಲ್ಲಿ ಮೇಸ್ತ್ರಿಯ ಬಾಗಿಲು. ಅಜ್ಜಿ ಅದನ್ನು ತಟ್ಟಿದಳು.

ಮೇಸ್ತ್ರಿ ಬಾಗಿಲು ತೆರೆದ. ಬ್ಯಾಂಡೇಜು ಕಟ್ಟಿದ ಬಲಗೈ ಕೊರಳಿನಿಂದ ತೂಗುತ್ತಿತ್ತು.

"ಆವತ್ತೂ ಈ ಕದ ತಟ್ಟಿದ್ದೆ ಕಣಪ್ಪ," ಎಂದಳು ಅಜ್ಜಿ. "ಮಗು ಬೆನ್ನು ಬೆಂದಿತ್ತು, ಕಿರುಚ್ತಿತ್ತು. ಕದದ ಹಿಂದೆ ಯಾರೋ ಉಸಿರು ಬಿಗಿಹಿಡ್ಕೊಂಡು ನಿಂತಿದ್ರು. ನನಗೆ ಕೇಳಿಸ್ತಿತ್ತು. ತೆಗೀಲಿಲ್ಲ."

ಮೊಮ್ಮಗಳು ಕಣ್ಣು ಮುಚ್ಚಿದಳು. 'ಇವನ ತಾತ ಏನೂ ಮಾಡಿಲ್ಲ ಅಂದಿದ್ದೆನಲ್ಲ...'

ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. ಎಡಗೈಯಿಂದ ಕದವನ್ನು ಹಿಡಿದುಕೊಂಡ.

"ತಾತ ಸಾಯೋ ತನಕ ಈ ಬಾಗಿಲಿಗೆ ಚಿಲಕ ಹಾಕೋಕೆ ಬಿಡ್ಲಿಲ್ಲ, ಅಜ್ಜಿ. ರಾತ್ರಿ ಎಲ್ಲ ಬಾಗಿಲ ಹತ್ರನೇ ಕೂತಿರೋರು. ಮುದುಕನಿಗೆ ಭ್ರಮೆ ಅಂತ ನಾವು ನಗ್ತಿದ್ವಿ." ಅವನ ದನಿ ಒಡೆಯಿತು. "ನಿಮ್ಮನ್ನೇ ಕಾಯ್ತಿದ್ರು ಅಂತ ಗೊತ್ತಿರಲಿಲ್ಲ."

ಅವನು ಹೊಸ್ತಿಲ ಮೇಲೆ ಕುಸಿದು ಅತ್ತ. ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟಳು.

"ನೀನ್ಯಾಕೋ ಅಳ್ತೀಯಾ? ಇವತ್ತು ನಾನು ತಟ್ಟಿದೆ, ನೀನು ತೆಗೆದೆ. ಅಷ್ಟು ಸಾಕು ನನಗೆ," ಎಂದು ಅವನನ್ನು ದಾಟಿ ಒಳಗೆ ಹೋಗಿ, ಸ್ವಂತ ಮನೆಯವಳಂತೆ ಗೋಡೆಗೊರಗಿ ಕೂತಳು. ಮೊಮ್ಮಗನನ್ನೂ ಕರೆದಳು. ಅಣ್ಣ ತಲೆ ತಗ್ಗಿಸಿಕೊಂಡು, ಮೇಸ್ತ್ರಿಗೆ ಕೈಮುಗಿದು, ಹೊಸ್ತಿಲು ದಾಟಿದ.

ಹೊರಗೆ ಉಳಿದವರು ಇವರಿಬ್ಬರೇ.

"ಹೆಗಲು ಹೇಗಿದೆ?" ಅವನೇ ಮೊದಲು ಕೇಳಿದ. ಎಷ್ಟು ದಿನಗಳ ಮೇಲೆ ಕೇಳಿದ ದನಿ! ಅವಳಿಗೆ ಅಳು ಉಕ್ಕಿತು.

"ಕೈ ಎತ್ತೋಕಾಗಲ್ಲ. ಎತ್ತೋಕೆ ಮುಖವೂ ಇಲ್ಲ. ನಾನು ನಿನ್ನ ಕೇಳ್ಬೇಕಿತ್ತು."

"ಕೇಳ್ಬೇಕಿತ್ತು," ಎಂದ. "ತಾತ ತೆಗೀಬೇಕಿತ್ತು. ಈಗ ಯಾರು ಯಾರನ್ನ ಬೈಯೋದು?"

"ನಿನ್ನ ಪ್ರೀತಿಸ್ತೀನಿ ಕಣೋ. ಅಣ್ಣನ್ನ ಕಳಿಸಿದಾಗಲೂ ಪ್ರೀತಿಸ್ತಿದ್ದೆ, ಅದಕ್ಕೇ ಅಷ್ಟು ಉರೀತು."

ಅವನು ಎಡಗೈಯಿಂದ ಅವಳ ಕೆನ್ನೆ ಒರೆಸಿದ. ಅದೇ ಒರಟು ಕೈ, ಅದೇ ಮೆದು.

"ಇನ್ಮೇಲೆ ನನ್ನ ಮೇಲೆ ಅನುಮಾನ ಬಂದ್ರೆ?"

"ಮೊದಲು ನಿನ್ನನ್ನೇ ಕೇಳ್ತೀನಿ."

"ಕೋಪ ಬಂದ್ರೆ?"

"ನಾನೇ ಬಂದು ಬೈತೀನಿ. ಅಣ್ಣನ್ನ ಕಳಿಸಲ್ಲ."

ಅವನಿಗೆ ನಗು ಬಂತು. ನಕ್ಕದ್ದಕ್ಕೆ ಪಕ್ಕೆ ನೋವಾಗಿ ಮುಖ ಕಿವುಚಿದ. ಅವಳು ಗಾಬರಿಯಿಂದ ಹತ್ತಿರ ಬಂದಳು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಒಳಗೆ ಬಾ, ವಿಳಾಸ."

"ನನಗೂ ಕದ ತೆಗೆದಿದ್ಯಾ?"

"ಬಾ ಅಂದ್ನಲ್ಲ," ಎಂದು ಅವಳ ನೋವಿಲ್ಲದ ಕೈಯನ್ನು ಹಿಡಿದುಕೊಂಡ.