ದಾಸನ ಮೂಗಿನ ಮೇಲಿನ ಹಿಟ್ಟು

"ನಮ್ಮ ದಾಸನಿಗೆ ದಿನಾ ಎಂತ ತಿನ್ನಿಸ್ತಾ ಇದ್ದೀರಿ ನೀವು?"

ಸಿದ್ದಾಪುರದ ಹಿಟ್ಟಿನ ಗಿರಣಿಯ ಬಾಗಿಲಲ್ಲೇ ನಿಂತು ಕೇಳಿದಳು ರಕ್ಷಿತಾ. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಅವಳ ಹನ್ನೊಂದು ವರ್ಷದ ಕರೀ ನಾಯಿ ದಾಸ. ಅದಕ್ಕೆ ಮಾತ್ರ ಗಿರಣಿಯವನನ್ನು ಕಂಡು ಹಬ್ಬವೋ ಹಬ್ಬ.

ನಂದನ ಯಂತ್ರ ನಿಲ್ಲಿಸಿದ. ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡಿದ್ದ ಅವನಿಗೆ ಸಿಟ್ಟೇ ಬರಲಿಲ್ಲ.

"ಚಪಾತಿ, ಒಂಚೂರು ಬೆಲ್ಲ," ಎಂದ. "ಬಾಗಿಲಿಗೆ ಬಂದವರಿಗೆ ಆಸರಿಗೆ ಕೊಡದೆ ಕಳಿಸೂದು ಹೆಂಗೆ?"

ಆ ಸೀಮೆಯಲ್ಲಿ ಯಾರೇ ಮನೆಗೆ ಬರಲಿ, ಮೊದಲು ಬಾಯಾರಿಕೆ ವಿಚಾರಿಸಿ ಬೆಲ್ಲ-ನೀರಾದರೂ ಕೊಡಬೇಕು. ಅದೇ ಆಸರಿಗೆ. ನಂದನನ ಲೆಕ್ಕದಲ್ಲಿ ನಾಲ್ಕು ಕಾಲಿನವರೂ ನೆಂಟರೇ!

ರಕ್ಷಿತಾಗೆ ಮೈ ಉರಿಯಿತು. ದಾಸ ಏಳುವಾಗ ಕುಂಟುತ್ತದೆಂದು ಪಶುವೈದ್ಯೆಯ ಹತ್ತಿರ ಹೋಗಿದ್ದಳು. ವಯಸ್ಸಾದ ಕೀಲುಗಳು, ಮೈಭಾರ ಇಳಿಯಲೇಬೇಕು ಎಂದಿದ್ದರು ಅವರು. ಅಂದಿನಿಂದ ಅನ್ನ ಅಳೆದು ಹಾಕಿದಳು. ಟೈಲ್ಸ್ ಮೇಲೆ ಜಾರದಿರಲೆಂದು ಗೋಣಿತಾಟು ಹಾಸಿದಳು, ಉಗುರು ಕತ್ತರಿಸಿದಳು. ಆದರೂ ದಾಸ ದಪ್ಪವಾಗುತ್ತಲೇ ಹೋಯಿತು. ಅವಳು ಸೊಸೈಟಿಯ ಕೆಲಸಕ್ಕೆ ಹೋದ ಮೇಲೆ ಗೇಟಿನ ಸಂದಿಯಿಂದ ನುಸುಳಿ ಅದು ಎಲ್ಲಿಗೆ ಹೋಗುತ್ತದೆಂದು ಯಾರಿಗೆ ಗೊತ್ತು?

ಅದರ ಮುಖ ಬೆಳ್ಳಗಾಗುತ್ತಿದೆ, ಮುಪ್ಪು ಬಂತು ಎಂದು ಒಬ್ಬಳೇ ಕೂತು ಅತ್ತದ್ದೂ ಉಂಟು. ಇವತ್ತು ಒದ್ದೆ ಬಟ್ಟೆಯಲ್ಲಿ ಮೂತಿ ಒರೆಸಿದರೆ ಆ ಮುಪ್ಪೆಲ್ಲ ಬಟ್ಟೆಗೆ ಬಂತು. ಮೂಸಿ ನೋಡಿದಳು. ಗೋಧಿಹಿಟ್ಟು!

"ನಿಮ್ಮ ಆಸರಿಗೆಯಿಂದ ಇದರ ಕಾಲು ಹೋಗ್ತಾ ಉಂಟು. ಇನ್ನೊಂದು ವರ್ಷಕ್ಕೆ ಎದ್ದು ನಿಲ್ತದೋ ಇಲ್ಲವೋ."

ನಂದನನ ಮುಖ ಸಪ್ಪಗಾಯಿತು. ಗೊತ್ತಿರಲಿಲ್ಲ ಎಂದ. ಒಳಗೆ ಹೋಗಿ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದು, ಬಿಸಿಲಲ್ಲಿ ಬಂದಿದ್ದೀರಿ ಎಂದು ಅವಳ ಮುಂದಿಟ್ಟ.

ಅವಳು ಮುಟ್ಟಲಿಲ್ಲ. ತಿರುಗಿಯೂ ನೋಡದೆ ಹೊರಟುಬಿಟ್ಟಳು. ಕೊಟ್ಟ ಆಸರಿಗೆ ಬಿಟ್ಟು ಹೋಗುವುದು ಅಲ್ಲಿ ಸಣ್ಣ ಮಾತಲ್ಲ.

ಮರುದಿನದಿಂದ ಗಿರಣಿಯ ಬಾಗಿಲಿಗೆ ಅಡ್ಡ ಹಲಗೆ ಬಿತ್ತು. ದಾಸ ಹೋಗಿ ನಿಂತು, ಕುಂಯ್‌ಗುಟ್ಟಿ, ವಾಪಸ್ಸು ಬಂತು. ಕೆಲವು ದಿನ ಹೀಗೇ ನಡೆಯಿತು. ಆಮೇಲೆ ಹೋಗುವುದನ್ನೇ ಬಿಟ್ಟು ಗೋಣಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿತು. ಹಾಕಿದ ಅನ್ನವೂ ಹಾಗೇ ಉಳಿಯಿತು.

'ನನ್ನ ಮೇಲಿನ ಸಿಟ್ಟನ್ನು ಮೂಕಪ್ರಾಣಿಯ ಮೇಲೆ ತೀರಿಸಿಕೊಳ್ತಾ ಇದ್ದಾನೆ...' ರಕ್ಷಿತಾ ಹಲ್ಲು ಕಚ್ಚಿದಳು. ಸಿಟ್ಟಿನ ಒಳಗೆ ಇನ್ನೇನೋ ನೋಯುತ್ತಿತ್ತು. ಮುಟ್ಟದೆ ಬಂದ ಆ ಚೊಂಬು ಮತ್ತೆ ಮತ್ತೆ ನೆನಪಾಗುತ್ತಿತ್ತು.

ಮತ್ತೆ ಕರೆದೊಯ್ದಾಗ ಪಶುವೈದ್ಯೆ ದಾಸನ ಹಿಂಗಾಲು ಮುಟ್ಟಿ ನೋಡಿ, ತೂಕದ ಜೊತೆ ಬಲವೂ ಇಳಿಯುತ್ತಿದೆ ಎಂದರು. ಇದರ ನಡಿಗೆ ನಿಲ್ಲಿಸಿದವರು ಯಾರು ಎಂದು ಗದರಿದರು. ವಯಸ್ಸಾದ ನಾಯಿಗೆ ತಿನ್ನುವುದು ಕಡಿಮೆಯಾಗಬೇಕು ನಿಜ, ಆದರೆ ದಿನಾ ಹೋಗಲಿಕ್ಕೆ ಒಂದು ಜಾಗ, ಕಾಯುವ ಒಂದು ಜೀವ ಬೇಕು.

ಆಮೇಲೆ ನೆನಪಿಸಿಕೊಂಡು ಹೇಳಿದರು: ಗಿರಣಿಯ ನಂದನ ಬಂದಿದ್ದ, ಇದೇ ನಾಯಿಗೆ ತೊಂದರೆಯಾಗದಂತೆ ಏನು ಕೊಡಬಹುದೆಂದು ಕೇಳಲಿಕ್ಕೆ. ಸೌತೆಕಾಯಿ ಎಂದು ಹೇಳಿ ಕಳಿಸಿದ್ದರಂತೆ.

ರಕ್ಷಿತಾ ನೇರ ಗಿರಣಿಗೆ ನಡೆದಳು. ಹಲಗೆಯ ಆಚೆ, ಕಿಟಕಿಯಲ್ಲಿ, ಬಟ್ಟಲ ತುಂಬ ಹೆಚ್ಚಿದ ಸೌತೆಕಾಯಿ ಇತ್ತು. ದಿನವೂ ಹೆಚ್ಚಿಡುತ್ತಿದ್ದ, ಒಂದು ದಿನವೂ ಕೊಟ್ಟಿರಲಿಲ್ಲ.

"ಮತ್ತೆ ಹಲಗೆ ಯಾಕೆ?"

"ನಾಯಿ ನಿಮ್ಮದು. ಕೇಳದೆ ಕೊಟ್ಟು ಒಂದ್ಸಲ ತಪ್ಪು ಮಾಡಿದೆ," ಎಂದ ನಂದನ. "ನೀವು ಹೇಳದೆ ಹೆಂಗೆ ತೆಗೀಲಿ?"

ಅವಳು ಹಲಗೆ ಎತ್ತಿ ಬದಿಗಿಟ್ಟಳು.

ಅಂದಿನಿಂದ ದಿನವೂ ಸಂಜೆ ದಾಸನ ಸವಾರಿ ನಿಧಾನಕ್ಕೆ ಗಿರಣಿಗೆ, ಹಿಂದೆ ರಕ್ಷಿತಾ. ಭಾನುವಾರ ಗಿರಣಿಯ ತೂಕದ ಯಂತ್ರದ ಮೇಲೆ ತಪಾಸಣೆ. ದಾಸ ತಾನಾಗಿ ಸುಮ್ಮನೆ ನಿಲ್ಲುವ ಪೈಕಿಯಲ್ಲ. ನಂದನ ಅದನ್ನು ಎತ್ತಿಕೊಂಡು ಒಮ್ಮೆ ನಿಲ್ಲುತ್ತಿದ್ದ, ಕೆಳಗಿಳಿಸಿ ಇನ್ನೊಮ್ಮೆ. ಕಳೆಯುವ ಲೆಕ್ಕ ರಕ್ಷಿತಾಳದು. ದಾಸ ಇಳಿಯಿತು, ನಂದನ ಏರಿದ. ಉಳಿದ ಬೆಲ್ಲ ಎಲ್ಲಿಗೆ ಹೋಯಿತೆಂದು ಹೇಳಬೇಕಿಲ್ಲ.

ಗಿರಣಿಗೆ ಬಂದವರಿಗೆಲ್ಲ ಅವನು ಆಸರಿಗೆ ಕೇಳುತ್ತಿದ್ದ. ಅವಳೊಬ್ಬಳನ್ನು ಬಿಟ್ಟು. ಪ್ರತಿ ಸಂಜೆ ಅವಳು ಕಾಯುತ್ತಿದ್ದಳು, ಪ್ರತಿ ಸಂಜೆ ಹಾಗೇ ವಾಪಸ್ಸಾಗುತ್ತಿದ್ದಳು. ಅವನೆಂದರೆ ಅವಳಿಗೆ ಇಷ್ಟ, ಬಹಳ ಇಷ್ಟ. ಆದರೆ ಅಂದು ನೀರು ಮುಟ್ಟದೆ ಹೋದವಳು ಯಾವ ಬಾಯಲ್ಲಿ ಹೇಳುವುದು?

ಒಂದು ಭಾನುವಾರ ದಾಸನ ತೂಕ ವೈದ್ಯೆ ಹೇಳಿದಲ್ಲಿಗೆ ಬಂತು. ಕುಂಟುವುದೂ ಕಡಿಮೆಯಾಗಿತ್ತು. ಗೇಟಿನ ಸಂದಿ ಮುಚ್ಚಿಸಿ ಮನೆಯ ಸುತ್ತಲೇ ನಡೆಸಿದರೂ ಈಗ ಸಾಕು.

"ಹಾಗಾದರೆ ಇನ್ನು ಬರೂದು ಬೇಕಾಗಿಲ್ಲ," ಎಂದ ನಂದನ, ಕೈ ಒರೆಸಿಕೊಳ್ಳುತ್ತ, ಅವಳ ಮುಖ ನೋಡದೆ.

ರಕ್ಷಿತಾ ಬಾಗಿಲ ತನಕ ಹೋದಳು. ದಾಸ ಕೂತಲ್ಲಿಂದ ಏಳಲಿಲ್ಲ. ಅವಳೂ ತಿರುಗಿ ನಿಂತಳು. ಬಾಯಿಂದ ಬಂದದ್ದು ಅವಳು ಮನೆಯೊಳಗೆ ಮಾತ್ರ ಆಡುವ ಮನೆಮಾತು.

"ಬಾಗಿಲಿಗೆ ಬಂದ ನಾಯಿಗೂ ಇಲ್ಲಿ ಆಸರಿಗೆ ಇದ್ದು. ಎನಗೆ ಮಾತ್ರ ಎಂತಕ್ಕೆ ಇಲ್ಲೆ?"

ನಂದನ ತಲೆ ಎತ್ತಿದ. ಅವನ ಮನೆಮಾತೂ ಅದೇ.

"ಒಂದ್ಸಲ ಬೇಡ ಆಗಿತ್ತು ಹೇಳಿ... ಮತ್ತೆ ಕೇಳಲೆ ಧೈರ್ಯ ಇತ್ತಿಲ್ಲೆ."

"ಈಗ ಕೇಳಿ."

"ಆಸರಿಗೆ ಎಂತ ಬೇಕು?"

"ಬೆಲ್ಲ, ನೀರು." ಅವಳ ಕಣ್ಣು ತುಂಬಿತ್ತು. "ದಿನಾ ಬಂದ್ರೆ ದಿನಾ ಸಿಕ್ತಾ?"

"ದಿನಾ ಬಪ್ಪವು ನೆಂಟರಲ್ಲ," ಎಂದ ನಂದನ ಮೆಲ್ಲಗೆ. "ಮನೆಯವು."

ಅವಳು ಚೊಂಬಿನ ನೀರನ್ನು ಒಂದು ಹನಿ ಬಿಡದೆ ಕುಡಿದಳು. ದಾಸ ಎದ್ದು ಬಂದು, ಬೆಲ್ಲದ ತಟ್ಟೆಯನ್ನೂ ಇಬ್ಬರ ಮುಖವನ್ನೂ ನೋಡಿತು.

"ದಾಸಂಗೆ ಸೌತೆಕಾಯಿ," ಎಂದರು ಇಬ್ಬರೂ ಒಟ್ಟಿಗೇ.